ಬೆಳಕಿಗೆ ದಿಕ್ಕು ಬದಲಿಸುವ ಸುರುಳಿ

ಪ್ರಭಾದೇವಿಯ ಸಿದ್ಧಿವಿನಾಯಕನ ಸೊಂಡಿಲು ಬಲಕ್ಕೆ ತಿರುಗಿದೆಯೆಂಬುದನ್ನು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಆ ಬಲಮುರಿ ಗಣಪ ಕನ್ನಡಿಯಲ್ಲಿ ಎಡಮುರಿಯಾಗಿ ಕಾಣುತ್ತಾನೆ. ಹೇಗೆ ಹೊರಳಿಸಿದರೂ ಮೂಲವೂ ಪ್ರತಿಬಿಂಬವೂ ಒಂದಕ್ಕೊಂದು ಹೊಂದುವುದಿಲ್ಲ. ಈ ಗುಣಕ್ಕೆ ವಿಜ್ಞಾನದಲ್ಲಿ ಕೈರಾಲಿಟಿ ಎಂದು ಹೆಸರು. ಟಾರ್ಟಾರಿಕ್ ಆಮ್ಲದ ಲವಣದಲ್ಲಿ ಎರಡೂ ಬಗೆಯ ಹರಳುಗಳಿರುವುದನ್ನು ಲೂಯಿ ಪಾಶ್ಚರ್ 1848ರಲ್ಲಿಯೇ ಗುರುತಿಸಿದ್ದರು. ಅಂಥ ಅಣುವಿನ ಮುರಿಯನ್ನು, ಅಂದರೆ ಅದರ ಎಡಬಲದ ತಿರುವನ್ನು, ಬದಲಿಸಲು ಸಾಮಾನ್ಯವಾಗಿ ಅದರ ಬಂಧಗಳನ್ನೇ ಮುರಿದು ಕಟ್ಟಬೇಕು. ಆದರೆ ಮುರಿಯು ಕಣದ ಆಕಾರದಲ್ಲಿರದೆ ಕಣಗಳ ಜೋಡಣೆಯಲ್ಲಿದ್ದರೆ, ಅದನ್ನು ಬರಿಯ ಬೆಳಕಿನಿಂದಲೇ ತಿರುಗಿಸಬಹುದು.

ಇಂಥ ಜೋಡಣೆಗೆ ಒದಗಿಬರುವುದು ದ್ರವಸ್ಫಟಿಕ. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್, ಕೊಲೆಸ್ಟರಾಲಿನ ಒಂದು ಸಂಯುಕ್ತವು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಗಿ, 178ರ ಹೊತ್ತಿಗೆ ತಿಳಿಯಾಗುವುದನ್ನು ಕಂಡರು. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅದರಲ್ಲಿ ಕಡ್ಡಿಯಂಥ ಅಣುಗಳು ಹರಿಯುತ್ತಲೇ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ, ಮತ್ತು ಆ ದಿಕ್ಕು ಮುಂದೆ ಸಾಗಿದಂತೆ ಸ್ವಲ್ಪಸ್ವಲ್ಪವೇ ತಿರುಗುತ್ತ ಸುರುಳಿಯಾಗುತ್ತದೆ. ಸುರುಳಿಯ ಒಂದು ಪೂರ್ಣ ಸುತ್ತು 350 ನ್ಯಾನೊಮೀಟರ್ ಇದ್ದು, ವಕ್ರೀಭವನ ಸೂಚ್ಯಂಕ (ದ್ರವದಲ್ಲಿ ಬೆಳಕು ಎಷ್ಟು ನಿಧಾನವಾಗುತ್ತದೆಂಬ ಅಳತೆ) 1.5ರಷ್ಟಿದ್ದರೆ, ಎರಡರ ಗುಣಲಬ್ಧವಾದ 525 ನ್ಯಾನೊಮೀಟರಿನ ಹಸಿರು ಬೆಳಕು ಪ್ರತಿಫಲಿಸುತ್ತದೆ. ಅದೂ ಸುರುಳಿಯ ಮುರಿಗೆ ಹೊಂದುವ ವೃತ್ತೀಯ ಧ್ರುವೀಕರಣದ (ಸಾಗುತ್ತ ಎಡಕ್ಕೋ ಬಲಕ್ಕೋ ಸುತ್ತುವ ಬೆಳಕಿನ) ಅರ್ಧಭಾಗ ಮಾತ್ರ, ಉಳಿದರ್ಧ ದಾಟಿಹೋಗುತ್ತದೆ. (ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು. ನಮ್ಮ ನಾಡಿನ ಈ ಕೊಡುಗೆಗೆ ಸಿಗಬೇಕಾದಷ್ಟು ಮನ್ನಣೆ ನಮ್ಮಲ್ಲಿ ಸಿಕ್ಕಿಲ್ಲ.)

ಈ ಸುರುಳಿಯೊಳಗೆ ಹತ್ತಾರು ನ್ಯಾನೊಮೀಟರ್ ಉದ್ದದ ಚಿನ್ನದ ಕಡ್ಡಿಗಳನ್ನು ಸೇರಿಸೋಣ. ಒಂಟಿ ಕಡ್ಡಿಗೆ ಎಡಬಲಗಳ ಭೇದವಿಲ್ಲ. ಆದರೆ ಸುತ್ತಲಿನ ಅಣುಗಳ ದಿಕ್ಕನ್ನೇ ಅನುಸರಿಸಿ ನಿಂತಾಗ ಕಡ್ಡಿಗಳ ಸಮೂಹವೂ ಸುರುಳಿಯಾಗಿ, ಎಡ ಮತ್ತು ಬಲ ವೃತ್ತೀಯ ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರತೊಡಗುತ್ತದೆ.

ಬೆಳಕಿಗೆ ಓಗೊಡುವ ಕೆಲಸ ದ್ರವದಲ್ಲಿ ಬೆರೆಸಿದ, ಅಜೊಬೆಂಜೀನ್ ಎಂಬ ಘಟಕವುಳ್ಳ ಕೈರಲ್ (ಎಡಬಲದ ಮುರಿಯುಳ್ಳ) ಅಣುವಿನದು. ನೇರಳಾತೀತ ಕಿರಣ ಬಿದ್ದರೆ, ಸುಮಾರು 0.9 ನ್ಯಾನೊಮೀಟರ್ ಉದ್ದದ ಈ ನೇರ ಘಟಕ ಬಾಗಿ 0.6ಕ್ಕಿಂತ ಗಿಡ್ಡವಾಗುತ್ತದೆ, ನೀಲಿ ಬೆಳಕಿಗೆ ಮತ್ತೆ ಬಹುಪಾಲು ನೇರವಾಗುತ್ತದೆ. ಬಾಗಿದಾಗ ಸುತ್ತಲಿನ ದ್ರವವನ್ನು ತಿರುಚುವ ಅದರ ಸಾಮರ್ಥ್ಯ ಬದಲಾಗುತ್ತದೆ. ಈ ಅಣು ದ್ರವವನ್ನು ಬಲಕ್ಕೆ ತಿರುಚುವಂಥದ್ದಾಗಿದ್ದು, ಜೊತೆಗೆ ಬೆಳಕಿಗೆ ಬದಲಾಗದ, ಎಡಕ್ಕೆ ತಿರುಚುವ ಇನ್ನೊಂದು ಅಣುವನ್ನೂ ಬೆರೆಸಿದ್ದರೆ, ಮೊದಲಿನದು ದುರ್ಬಲವಾದಂತೆ ಸುರುಳಿ ಸಡಿಲಗೊಂಡು, ಒಂದು ಹಂತದಲ್ಲಿ ಪೂರ್ತಿ ಬಿಚ್ಚಿ, ಬಳಿಕ ಎಡಮುರಿಯಾಗಿ ಸುತ್ತಿಕೊಳ್ಳುತ್ತದೆ. ಚಿನ್ನದ ಕಡ್ಡಿಗಳೂ ಅದರೊಡನೆ ತಿರುಗುತ್ತವೆ. ಒಂದೇ ಒಂದು ಬಂಧವೂ ಮುರಿಯದೆ ಇಡೀ ವಸ್ತುವಿನ ಮುರಿ ಬದಲಾಗುವುದು ನನಗಂತೂ ಈ ಕ್ಷೇತ್ರದ ಅತ್ಯಂತ ಸುಂದರ ಸಂಗತಿ.

ಕಷ್ಟಗಳಿಲ್ಲವೆಂದಲ್ಲ. ಕಡ್ಡಿಗಳು ಗಂಟುಕಟ್ಟುತ್ತವೆ, ಅದನ್ನು ತಡೆಯಲು ದ್ರವಸ್ಫಟಿಕದಂಥವೇ ಅಣುಗಳನ್ನು ಅವುಗಳ ಮೈಗೆ ಹೊದಿಸಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಚಿನ್ನ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಬಿಸಿಗೂ ಸುರುಳಿಯ ಅಳತೆ ಬದಲಾಗುತ್ತದೆ. ಹೀಗಾಗಿ, ಕತ್ತಲಲ್ಲಿ ಅಷ್ಟೇ ಬಿಸಿ ಮಾಡಿದ ಮಾದರಿಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಬದಲಾವಣೆ ಬೆಳಕಿನದೆಂದು ಒಪ್ಪಬಹುದು.