ಬ್ಲ್ಯಾಕ್‌ಬರ್ಡ್: ವೇಗದ ಹಿಂದಿನ ಬಿಸಿಯ ಕತೆ

ಮಣಿಪಾಲದಲ್ಲಿ ಏರೋನಾಟಿಕಲ್ ಓದುವ ಮಕ್ಕಳ ಹತ್ತಿರ ಇಷ್ಟದ ವಿಮಾನ ಯಾವುದು ಅಂತ ಕೇಳಿ ನೋಡಿ, ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಹೆಸರು ಬಂದೇ ಬರುತ್ತದೆ. ಅವರು ಹುಟ್ಟುವ ಮೊದಲೇ ಅದು ಹಾರಾಟ ನಿಲ್ಲಿಸಿತ್ತು. 1976ರ ಜುಲೈ 28ರಂದು ಗಂಟೆಗೆ 3,529 ಕಿಲೋಮೀಟರ್ ವೇಗದಲ್ಲಿ ಹಾರಿ ಅದು ಮಾಡಿದ ದಾಖಲೆಯನ್ನು ಪೈಲಟ್ ಕೂತು ಹಾರಿಸುವ ಜೆಟ್ ವಿಮಾನಗಳಲ್ಲಿ ಇನ್ನೂ ಯಾವುದೂ ಮುರಿದಿಲ್ಲ. ಉಡುಪಿಯಿಂದ ಮಂಗಳೂರಿಗೆ ಒಂದು ನಿಮಿಷ ಸಾಕು! ಆದರೆ ಬರೀ ವೇಗದ ಅಂಕಿ ಹೇಳಿ ಬಿಟ್ಟರೆ ಈ ವಿಮಾನಕ್ಕೆ ಅನ್ಯಾಯ. ಅಷ್ಟು ವೇಗ ಯಾಕೆ ಬೇಕಾಯಿತು, ಆ ವೇಗದಲ್ಲಿ ಹುಟ್ಟುವ ಬಿಸಿಯನ್ನು ಹೇಗೆ ತಡೆದುಕೊಂಡರು ಅನ್ನುವುದೇ ನಿಜವಾದ ಕತೆ.

ಶುರುವಾದದ್ದು ಯು-2 ವಿಮಾನದಿಂದ. 1956ರಿಂದ ಅಮೆರಿಕ ಅದನ್ನು ಸೋವಿಯತ್ ನೆಲದ ಮೇಲೆ ಕಳಿಸಿ ಫೋಟೋ ತೆಗೆಸುತ್ತಿತ್ತು. ವಿಮಾನ ನಿಧಾನ, ಆದರೆ ಹಾರುವುದು 70 ಸಾವಿರ ಅಡಿ ಎತ್ತರದಲ್ಲಿ. ಅಲ್ಲಿಗೆ ಯಾರ ಕೈಯೂ ಎಟುಕದು ಎಂಬ ಧೈರ್ಯ. 1960ರ ಮೇ 1ರಂದು ಸ್ವೆರ್ಡ್ಲೋವ್ಸ್ಕ್ ಹತ್ತಿರ ಸೋವಿಯತ್ ಕ್ಷಿಪಣಿ ಅದನ್ನು ಹೊಡೆದುರುಳಿಸಿತು, ಪೈಲಟ್ ಗ್ಯಾರಿ ಪವರ್ಸ್ ಸೆರೆ ಸಿಕ್ಕರು. ಬರೀ ಎತ್ತರವನ್ನು ನಂಬಿ ಕೂತರೆ ಆಗದು ಎಂಬ ಅಂದಾಜು ವಿಮಾನ ತಯಾರಿಸುವ ಲಾಕ್‌ಹೀಡ್ ಕಂಪನಿಯ ವಿನ್ಯಾಸಕ ಕೆಲ್ಲಿ ಜಾನ್ಸನ್ ತಂಡಕ್ಕೆ ಮೊದಲೇ ಇತ್ತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗಾಗಿ ಅವರು ಮಾಡಿದ ಎ-12 ವಿಮಾನ 1962ರಲ್ಲಿ ಹಾರಿತು. ಅದನ್ನೇ ಸ್ವಲ್ಪ ಉದ್ದ ಮಾಡಿ, ಇಬ್ಬರು ಕೂರುವ ಹಾಗೆ ಕಟ್ಟಿದ ಎಸ್‌ಆರ್-71 ಮೊದಲು ಹಾರಿದ್ದು 1964ರ ಡಿಸೆಂಬರ್ 22ರಂದು.

ಈಗ ಬಿಸಿಯ ವಿಷಯ. 80 ಸಾವಿರ ಅಡಿ ಎತ್ತರದಲ್ಲಿ ಗಾಳಿ ಮೈನಸ್ 50 ಡಿಗ್ರಿ ಆಸುಪಾಸು ಇರುತ್ತದೆ. ಆದರೂ ಶಬ್ದದ ಮೂರು ಪಟ್ಟು ವೇಗದಲ್ಲಿ ಹೋಗುವಾಗ ಎದುರಿನ ಗಾಳಿ ಒತ್ತಿಕೊಂಡು ಬಿಸಿಯಾಗಿ, ವಿಮಾನದ ಮೈ 300 ಡಿಗ್ರಿವರೆಗೂ ಕಾಯುತ್ತದೆ. ಆ ಬಿಸಿಗೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಟೈಟಾನಿಯಂ. ಅದರಲ್ಲಿ ಒಂದಷ್ಟು ಸೋವಿಯತ್ ಒಕ್ಕೂಟದಿಂದಲೇ ಬಂದದ್ದು, ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಕೊಂಡದ್ದು.

ಟೈಟಾನಿಯಂ ಜೊತೆ ಕೆಲಸ ಮಾಡುವುದೂ ಸುಲಭ ಇರಲಿಲ್ಲ. ಬೇಸಿಗೆಯಲ್ಲಿ ವೆಲ್ಡ್ ಮಾಡಿದ ರೆಕ್ಕೆಯ ತಗಡುಗಳು ಬೇಗ ಹಾಳಾಗುತ್ತಿದ್ದವು, ಚಳಿಗಾಲದಲ್ಲಿ ಮಾಡಿದವು ಬಾಳಿಕೆ ಬರುತ್ತಿದ್ದವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ನೀರು. ಪಾಚಿ ಕಟ್ಟಬಾರದು ಅಂತ ಕಾರ್ಖಾನೆ ಇದ್ದ ಬರ್ಬ್ಯಾಂಕ್ ಊರಿನ ನಲ್ಲಿ ನೀರಿಗೆ ಬೇಸಿಗೆಯಲ್ಲಿ ಕ್ಲೋರಿನ್ ಜಾಸ್ತಿ ಹಾಕುತ್ತಿದ್ದರು, ಅದೇ ನೀರಲ್ಲಿ ಇವರು ತಗಡು ತೊಳೆಯುತ್ತಿದ್ದರು! ಆಮೇಲೆ ಡಿಸ್ಟಿಲ್ಡ್ ವಾಟರ್ ಬಳಸಲು ಶುರು ಮಾಡಿದರು. ಸ್ಪ್ಯಾನರ್‌ಗಳ ಕ್ಯಾಡ್ಮಿಯಂ ಲೇಪ ಕೂಡ ಬೋಲ್ಟುಗಳನ್ನು ಕೆಡಿಸುತ್ತಿತ್ತು, ಅಂಥ ಟೂಲ್ಸ್ ಎಲ್ಲವನ್ನೂ ಎತ್ತಿಟ್ಟರು. ನನಗೆ ದಾಖಲೆಯ ಅಂಕಿಗಿಂತ ಜಾಸ್ತಿ ಇಷ್ಟವಾಗುವುದು ಈ ತಾಳ್ಮೆಯ ಹುಡುಕಾಟ.

ಬಿಸಿಗೆ ಲೋಹ ಹಿಗ್ಗುತ್ತದಲ್ವಾ, ಅದಕ್ಕೇ ನೆಲದ ಮೇಲೆ ಜೋಡಣೆಗಳಲ್ಲಿ ಸಂದು ಇರುತ್ತಿತ್ತು. ನಿಂತಲ್ಲೇ ಇಂಧನ ತೊಟ್ಟಿಕ್ಕಿ ಕೆಳಗೆ ಮಡುಗಟ್ಟುತ್ತಿತ್ತು. ಅಪಾಯ ಅಲ್ವಾ ಅಂದರೆ, ಇದಕ್ಕೆಂದೇ ಮಾಡಿದ ಜೆಪಿ-7 ಇಂಧನ ಸುಲಭಕ್ಕೆ ಹೊತ್ತಿಕೊಳ್ಳುವಂಥದ್ದಲ್ಲ. ಎಂಜಿನ್ ಚಾಲೂ ಮಾಡಬೇಕಾದರೂ ಗಾಳಿ ತಾಗಿದ ಕೂಡಲೇ ಉರಿಯುವ ಟ್ರೈಈಥೈಲ್‌ಬೋರೇನ್ ಎಂಬ ದ್ರವ ಚಿಮ್ಮಿಸಬೇಕು, ಆಗ ಹಸಿರು ಬೆಂಕಿ ಕಾಣುತ್ತದೆ.

ಎಂಜಿನ್ನಿನ ಬಾಯಲ್ಲಿ ಕಾಣುವ ಚೂಪಾದ ಶಂಕು ಅಂದಕ್ಕೆ ಇಟ್ಟದ್ದಲ್ಲ. ವೇಗ ಏರಿದ ಹಾಗೆ ಅದು 66 ಸೆಂಟಿಮೀಟರ್‌ನಷ್ಟು ಹಿಂದೆ ಸರಿದು ಆಘಾತ ತರಂಗವನ್ನು, ಅಂದರೆ ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಎದುರಿಗೆ ಒತ್ತಿಕೊಳ್ಳುವ ಗಾಳಿಯ ಪದರವನ್ನು, ಸರಿಯಾದ ಜಾಗದಲ್ಲಿ ಹಿಡಿದಿಡುತ್ತದೆ. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿ ನಿಧಾನವಾಗಿ, ಒತ್ತಡ ಏರಿ ಒಳಗೆ ಹೋಗಬೇಕು, ಇಲ್ಲವಾದರೆ ಎಂಜಿನ್ ಅದನ್ನು ನುಂಗಲಾರದು. ಪೂರ್ತಿ ವೇಗದಲ್ಲಿ ನೂಕುಬಲದ ದೊಡ್ಡ ಪಾಲು ಬರುತ್ತಿದ್ದದ್ದು ಈ ಗಾಳಿಯ ವ್ಯವಸ್ಥೆಯಿಂದಲೇ. ತರಂಗ ಜಾರಿ ಹೊರಗೆ ಬಂತೋ, ಒಂದು ಕಡೆಯ ಬಲ ತಟ್ಟನೆ ಹೋಗಿ ವಿಮಾನ ಪಕ್ಕಕ್ಕೆ ಎಳೆಯುತ್ತಿತ್ತು, ಒಳಗಿದ್ದವರ ಹೆಲ್ಮೆಟ್ ಗಾಜಿಗೆ ಬಡಿಯುತ್ತಿತ್ತು.

ತಿರುಗುವುದೂ ಸಣ್ಣ ಕೆಲಸ ಅಲ್ಲ ಮಾರಾಯ್ರೆ. ಪಣಂಬೂರಿನ ಮೇಲೆ ಉತ್ತರಕ್ಕೆ ಹೋಗುತ್ತಿದ್ದದ್ದು 30 ಡಿಗ್ರಿ ವಾಲಿ ಬಲಕ್ಕೆ ತಿರುಗಲು ಶುರು ಮಾಡಿದರೆ, ಮುಖ ದಕ್ಷಿಣಕ್ಕೆ ಆಗುವಾಗ ಬೆಂಗಳೂರು ದಾಟಿ ಕೋಲಾರದ ಹತ್ತಿರ ಇರುತ್ತದೆ.

ಕಟ್ಟಿದ 32ರಲ್ಲಿ 12 ಅಪಘಾತಗಳಲ್ಲಿ ಹೋದವು, ಶತ್ರುವಿನ ಕೈಗೆ ಒಂದೂ ಸಿಗಲಿಲ್ಲ. ಆದರೂ 1990ರಲ್ಲಿ ಅಮೆರಿಕದ ವಾಯುಪಡೆ ಅದನ್ನು ಬದಿಗಿಟ್ಟಿತು. ನಡುವೆ ಸ್ವಲ್ಪ ಕಾಲ ಮತ್ತೆ ಹಾರಿಸಿದರು, ನಾಸಾದ ಕೊನೆಯ ಹಾರಾಟ 1999ರಲ್ಲಿ. ಕಾರಣ ಖರ್ಚು ಮತ್ತು ಉಪಗ್ರಹ. 1976ರಿಂದಲೇ ಉಪಗ್ರಹಗಳು ಚಿತ್ರವನ್ನು ನೇರ ಕೆಳಗೆ ಕಳಿಸತೊಡಗಿದ್ದವು. ಬ್ಲ್ಯಾಕ್‌ಬರ್ಡ್ ಮಾತ್ರ ಹೆಚ್ಚಿನ ಕಾಲ ಫಿಲ್ಮ್ ಹೊತ್ತುಕೊಂಡು ಇಳಿಯಬೇಕು, ಆಮೇಲೆ ತೊಳೆಯಬೇಕು. ಚಿತ್ರ ಕೂಡಲೇ ಕಳಿಸಲು ಕಲಿತ ಹಳೆಯ ಯು-2, ಇದಾದ ಮೇಲೂ ಎರಡು ದಶಕಕ್ಕಿಂತ ಜಾಸ್ತಿ ದುಡಿಯಿತು.

ನಮ್ಮಲ್ಲೂ ಇಂಥದ್ದೊಂದು ಇತ್ತು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. 1981ರಲ್ಲಿ ಸೋವಿಯತ್‌ನಿಂದ ಮಿಗ್-25 ಬೇಹುಗಾರಿಕೆ ವಿಮಾನಗಳನ್ನು ತಂದು ವಾಯುಪಡೆಯ 102ನೇ ಸ್ಕ್ವಾಡ್ರನ್ ಬರೇಲಿಯಿಂದ ಹಾರಿಸಿತು. ನಮ್ಮವರು ಇಟ್ಟ ಹೆಸರು ಗರುಡ. ಬಿಸಿಗೆ ರಷ್ಯನ್ನರ ಉತ್ತರ ಬೇರೆ: ಟೈಟಾನಿಯಂ ಕಮ್ಮಿ, ನಿಕಲ್ ಬೆರೆತ ಉಕ್ಕೇ ಜಾಸ್ತಿ. ಭಾರ, ಆದರೆ ವೆಲ್ಡ್ ಮಾಡುವುದು ಸುಲಭ. ಶಬ್ದದ 2.8 ಪಟ್ಟು ವೇಗದವರೆಗೆ ಹೋಗುತ್ತಿತ್ತು. 2006ರಲ್ಲಿ ಅದೂ ನಿವೃತ್ತವಾಯಿತು. ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಒಂದನ್ನು ಇಟ್ಟಿದ್ದಾರೆ. ಆ ಕಡೆ ಹೋದವರು ರೆಕ್ಕೆಯನ್ನಷ್ಟೇ ನೋಡಿ ಬರಬೇಡಿ, ಎರಡು ಬದಿಯ ಚೌಕಾಕಾರದ ದೊಡ್ಡ ಗಾಳಿಬಾಯಿಗಳನ್ನು ನಿಂತು ನೋಡಿ.