ಕಿವಿಕಲ್ಲಿನಲ್ಲಿ ಅಡಗಿದ್ದ ವಯಸ್ಸು

ಮೀನಿನ ತಲೆಯೊಳಗೆ, ಕಿವಿಯ ಭಾಗದಲ್ಲಿ, ಪುಟ್ಟ ಸುಣ್ಣದ ಕಲ್ಲುಗಳಿರುತ್ತವೆ. ಓಟೋಲಿತ್ ಅಂತಾರೆ. ಮೀನು ಬದುಕಿರುವಷ್ಟು ದಿನ ಅದರ ಮೇಲೆ ಪದರ ಕೂರುತ್ತಲೇ ಇರುತ್ತದೆ. ಮರದ ಉಂಗುರದಂತೆ ಎಣಿಸಿದರೆ ವಯಸ್ಸು ಸಿಗುತ್ತದೆ. ಸ್ವೀಡನ್ನಿನ ಪಾದ್ರಿ ಹೆಡರ್‌ಸ್ಟ್ರಾಮ್ 1759ರಲ್ಲೇ ಮೀನಿನ ಬೆನ್ನುಮೂಳೆಯ ಉಂಗುರ ಎಣಿಸಿದ್ದರು. ಕಿವಿಕಲ್ಲಿನ ಸರದಿ ಬಂದದ್ದು 1899ರಲ್ಲಿ. ಸುಲಭದ ಕೆಲಸ ಅನಿಸುತ್ತದೆ, ಅಲ್ವಾ? ಆರೆಂಜ್ ರಫಿ ವಿಷಯದಲ್ಲಿ ಹಾಗಾಗಲಿಲ್ಲ.

ಇದು ಸಾವಿರ ಮೀಟರ್ ಆಸುಪಾಸಿನ ಆಳದ ಮೀನು. ಹಳೆಯ ಇಂಗ್ಲಿಷ್ ಹೆಸರು ಸ್ಲೈಮ್‌ಹೆಡ್, ಅಂದರೆ ಲೋಳೆತಲೆ. ಆ ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ? ಮಾರಾಟಕ್ಕೆಂದೇ ಹೊಸ ಹೆಸರು ಬಂತು. 1970ರ ದಶಕದ ಕೊನೆಗೆ ನ್ಯೂಜಿಲೆಂಡ್ ಕಡಲಲ್ಲಿ ದೊಡ್ಡ ಬೇಟೆ ಶುರುವಾಯಿತು. ಮೊಟ್ಟೆ ಇಡುವ ಕಾಲಕ್ಕೆ ಇವು ಕಡಲಡಿಯ ಗುಡ್ಡಗಳ ಬಳಿ ಒತ್ತಾಗಿ ಸೇರುತ್ತವೆ. ಬಲೆಗೆ ಅದಕ್ಕಿಂತ ಸಲೀಸು ಇನ್ನೇನು ಬೇಕು!

ಮೊದಮೊದಲು ಕಲ್ಲನ್ನು ಇಡಿಯಾಗಿಟ್ಟು ಮೇಲ್ಮೈ ಗೆರೆಗಳನ್ನಷ್ಟೇ ಎಣಿಸಿದರು. ಇಪ್ಪತ್ತು, ಮೂವತ್ತು ವರ್ಷ ಅಂತ ಬಂತು. ಆದರೆ ಮುದಿ ಮೀನಿನ ಕಲ್ಲು ಅಗಲವಾಗುವುದಿಲ್ಲ, ದಪ್ಪವಾಗುತ್ತದೆ. ಮೇಲಿನಿಂದ ನೋಡಿದರೆ ಆ ಗೆರೆಗಳು ಕಾಣುವುದೇ ಇಲ್ಲ. ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಕೂದಲೆಳೆಯಂಥ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಒಂದು ಗೆರೆಗೆ ಒಂದು ವರ್ಷವೇ ಅನ್ನೋದು ಜಗಳ. 1991ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬೇರೆ ಗಡಿಯಾರ ಹುಡುಕಿದರು. ಕಲ್ಲಿನ ನಡುಭಾಗದಲ್ಲಿ ಸಿಕ್ಕಿಬಿದ್ದ ರೇಡಿಯಂ ಎಂಬ ವಿಕಿರಣಶೀಲ ಧಾತು ಗೊತ್ತಾದ ವೇಗದಲ್ಲಿ ನಿಧಾನಕ್ಕೆ ಕ್ಷಯಿಸಿ, ಸೀಸದ ಒಂದು ರೂಪವಾದ ಸೀಸ-210 ಆಗುತ್ತದೆ. ಎರಡನ್ನೂ ಅಳೆದು ತೂಗಿದರೆ ಕೆಲವು ಮೀನು ನೂರು ವರ್ಷ ದಾಟಿದ್ದವು! ಮೊಟ್ಟೆ ಇಡುವಷ್ಟು ಬೆಳೆಯಲಿಕ್ಕೇ ಸುಮಾರು 30 ವರ್ಷ.

ಎಷ್ಟು ಮೀನು ಹಿಡಿಯಬಹುದು ಅನ್ನೋ ಲೆಕ್ಕ ತಲೆಕೆಳಗಾದದ್ದು ಇಲ್ಲಿ. ಇಷ್ಟು ದೀರ್ಘ ಬಾಳಿನ ಮೀನು ತಾನಾಗಿ ಸಾಯುವುದು ತೀರಾ ಕಡಿಮೆ, ವರ್ಷಕ್ಕೆ ನೂರರಲ್ಲಿ ನಾಲ್ಕೈದು. ಸಾವು ಕಡಿಮೆ ಇದ್ದರೆ ಮೀನು ಜಾಸ್ತಿ ಉಳಿಯಬೇಕಲ್ಲ ಅಂತ ಅನಿಸಬಹುದು. ಆದರೆ ಅಲ್ಲಿ ಸಾಯುವವು ಎಷ್ಟು ಕಡಿಮೆಯೋ, ಜಾಗ ತುಂಬಲು ಬರುವ ಮರಿಗಳೂ ಅಷ್ಟೇ ಕಡಿಮೆ. ನಾವು ತೆಗೆಯಬಹುದಾದ ಪಾಲೂ ಅಷ್ಟಕ್ಕಷ್ಟೇ. ವಯಸ್ಸು ಗೊತ್ತಾಗುವ ಹೊತ್ತಿಗೆ ಹಲವು ಕಡೆ ಬಲೆಗಳು ಆ ಪಾಲನ್ನು ಎಂದೋ ಮೀರಿದ್ದವು.

ನ್ಯೂಜಿಲೆಂಡ್ ದಕ್ಷಿಣ ದ್ವೀಪದ ಪಶ್ಚಿಮಕ್ಕಿದ್ದ ಒಂದು ಬೇಟೆನೆಲೆಯನ್ನು 2000ದಲ್ಲಿ ಮುಚ್ಚಿ, 2010ರಲ್ಲಿ ತೆರೆದರು. ಮುಚ್ಚಿದ ವರ್ಷ ಹುಟ್ಟಿದ ಮರಿಗೆ ಮೊಟ್ಟೆ ಇಡಲು ಆಗಿನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.