ಪ್ರತಿಕ್ರಿಯೆಗೆ ತೂಕ ಬರುವುದು ಹೇಗೆ?

ಪ್ರಶ್ನೆ: ಪತ್ರಿಕೆಯ ಲೇಖನವೊಂದಕ್ಕೆ ಪ್ರತಿಕ್ರಿಯೆ ಬರೆಯಲು ಕೂತರೆ ಒಂದೋ "ಒಪ್ಪುತ್ತೇನೆ", "ಒಪ್ಪುವುದಿಲ್ಲ" ಎಂಬಲ್ಲಿಗೆ ಮುಗಿಯುತ್ತದೆ, ಇಲ್ಲವೇ ನಾಲ್ಕು ಪುಟವಾಗುತ್ತದೆ. ಎರಡನ್ನೂ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಚರ್ಚೆಗೆ ಏನನ್ನಾದರೂ ಸೇರಿಸುವಂತೆ ಬರೆಯುವುದು ಹೇಗೆ?

ಉತ್ತರ: ಇಡೀ ಲೇಖನಕ್ಕೆ ಉತ್ತರ ಕೊಡುವ ಆಸೆ ಬಿಡಿ. ಅದರಲ್ಲಿ ಒಂದೇ ಒಂದು ವಾಕ್ಯ ಹಿಡಿಯಿರಿ. ಅದು ಸುಳ್ಳಾದರೆ ಲೇಖನದ ವಾದವೇ ಸಡಿಲವಾಗುವಂಥ ವಾಕ್ಯವಾಗಿರಬೇಕು. ಅದನ್ನು ಲೇಖಕರ ಮಾತಿನಲ್ಲೇ ಉದ್ಧರಣ ಚಿಹ್ನೆಯೊಳಗೆ ಮೊದಲ ಸಾಲಿಗೆ ತನ್ನಿ. ನಿಮ್ಮ ಮಾತಿನಲ್ಲಿ ತಿರುಗಿಸಿ ಹೇಳಿದರೆ "ನಾನು ಹಾಗೆ ಅಂದೇ ಇಲ್ಲ" ಎಂಬ ಉತ್ತರ ಬರುತ್ತದೆ, ಚರ್ಚೆ ಅಲ್ಲಿಂದ ಯಾರು ಏನು ಅಂದರು ಎಂಬ ಜಗಳಕ್ಕೆ ಇಳಿಯುತ್ತದೆ.

ಒಂದು ನಿಜವಾದ ವಿಷಯ ತೆಗೆದುಕೊಳ್ಳೋಣ, ಶಿಕ್ಷಣ ಮಾಧ್ಯಮ. "ಸರ್ಕಾರ ಮನಸ್ಸು ಮಾಡಿದರೆ ನಾಲ್ಕನೇ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ ಕನ್ನಡ ಮಾಧ್ಯಮ ಕಡ್ಡಾಯ ಮಾಡಬಹುದು" ಎಂದು ಯಾರೋ ಬರೆದಿದ್ದಾರೆ ಎಂದುಕೊಳ್ಳಿ. ಇದಕ್ಕೆ ಬರುವ ಮಾಮೂಲಿ ಪ್ರತಿಕ್ರಿಯೆ ಕನ್ನಡದ ಎರಡು ಸಾವಿರ ವರ್ಷದ ಇತಿಹಾಸದಿಂದ ಶುರುವಾಗುತ್ತದೆ, ರಾಜಕಾರಣಿಗಳ ಮಕ್ಕಳು ಎಲ್ಲಿ ಓದುತ್ತಾರೆ ಎಂಬಲ್ಲಿ ನಿಲ್ಲುತ್ತದೆ. ಓದಿದವರಿಗೆ ಬರೆದವರ ಸಿಟ್ಟು ಗೊತ್ತಾಗುತ್ತದೆ, ವಿಷಯ ಗೊತ್ತಾಗುವುದಿಲ್ಲ.

ಬರೆಯುವ ಮುಂಚೆ ನಿಮ್ಮ ತಕರಾರು ಯಾವ ಜಾತಿಯದು ಎಂದು ನೋಡಿಕೊಳ್ಳಿ. ಹೇಳಿದ ಸಂಗತಿ ತಪ್ಪೇ? ಸಂಗತಿ ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪೇ? ಅಥವಾ ಎರಡೂ ಸರಿ, ನಿಮಗೆ ಮುಖ್ಯವಾದದ್ದು ಬೇರೆಯೇ? ಮೂರನೆಯದನ್ನು ಮೊದಲನೆಯದರಂತೆ ಬರೆಯುವುದೇ ಹೆಚ್ಚಿನ ವಾದಗಳು ಹಳ್ಳ ಹಿಡಿಯಲು ಕಾರಣ. ಅಭಿರುಚಿಯ ಭೇದಕ್ಕೆ ಅಂಕಿಅಂಶ ಹುಡುಕಲು ಹೊರಟವರು ಬೇಕಾದ್ದನ್ನೇ ಹೆಕ್ಕಿ ತರುತ್ತಾರೆ.

ನಮ್ಮ ಉದಾಹರಣೆಯಲ್ಲಿ ತಕರಾರು ಸಂಗತಿಯದು, ಹಾಗಾಗಿ ಮೂಲಕ್ಕೇ ಹೋಗಬೇಕು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು ರಾಜ್ಯ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಪರವಾಗಿ ಮಾಧ್ಯಮ ಆರಿಸುವ ಹಕ್ಕು ಪೋಷಕರದು ಎಂದು ಹೇಳಿತು. ಸುದ್ದಿಯ ತುಣುಕಿನ ಮೇಲೆ ಭರವಸೆ ಇಡದೆ ತೀರ್ಪನ್ನೇ ತೆರೆಯಿರಿ. ಇಡೀ ಓದಬೇಕಿಲ್ಲ. ಪೀಠದ ಮುಂದಿದ್ದ ಐದು ಪ್ರಶ್ನೆಗಳು ತೀರ್ಪಿನಲ್ಲೇ ಇವೆ, ಒಂದೊಂದಕ್ಕೂ ಉತ್ತರವಿದೆ. ಮಾತೃಭಾಷೆ ಎಂದರೇನು, ಅದನ್ನು ನಿರ್ಧರಿಸುವವರು ಯಾರು ಎಂಬುದೇ ಮೊದಲ ಪ್ರಶ್ನೆ. ಅಷ್ಟು ಓದಿದರೂ ಚರ್ಚೆಯಲ್ಲಿರುವ ಬಹುಪಾಲು ಜನರಿಗಿಂತ ಹೆಚ್ಚು ಓದಿದಂತೆ.

ಈಗ ಪ್ರತಿಕ್ರಿಯೆ ಹೀಗಿರಬಹುದು:

"'ಸರ್ಕಾರ ಮನಸ್ಸು ಮಾಡಿದರೆ ನಾಲ್ಕನೇ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ ಕನ್ನಡ ಮಾಧ್ಯಮ ಕಡ್ಡಾಯ ಮಾಡಬಹುದು' ಎಂದು ಲೇಖಕರು ಬರೆದಿದ್ದಾರೆ. 1994ರಲ್ಲಿ ಸರ್ಕಾರ ಮನಸ್ಸು ಮಾಡಿತ್ತು, ಆದರೆ ಆ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಮೊದಲ ತರಗತಿಗಳು ಮನೆಮಾತಿನಲ್ಲಿ ನಡೆಯಬೇಕು ಎಂಬ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ದಾರಿ ಸರ್ಕಾರಿ ಆದೇಶವಲ್ಲ. ಸಂವಿಧಾನ ತಿದ್ದುಪಡಿಯೋ, ಪೋಷಕರೇ ಆರಿಸುವಂತೆ ಕನ್ನಡ ಶಾಲೆಗಳನ್ನು ಸುಧಾರಿಸುವುದೋ? ಲೇಖಕರು ಯಾವುದನ್ನು ಸೂಚಿಸುತ್ತಾರೆ?"

ಇಷ್ಟೇ. ಒಪ್ಪಿಗೆ ಎಲ್ಲಿವರೆಗೆ, ಭೇದ ಎಲ್ಲಿಂದ ಎಂಬುದು ಸ್ಪಷ್ಟವಿದೆ. ಇಸವಿ ಇರುವುದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಕೊನೆಯ ಪ್ರಶ್ನೆ ಉತ್ತರಿಸಬಹುದಾದದ್ದು. "ಇದಕ್ಕೆ ಯಾರು ಹೊಣೆ?" ಎಂಬಂಥ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ, ಕೇಳಿದವರಿಗೂ ಉತ್ತರ ಬೇಕಿರುವುದಿಲ್ಲ.

ಎಚ್ಚರ ತಪ್ಪುವುದು ಸಿಕ್ಕಿದ ಪುರಾವೆಯನ್ನು ಎಳೆದು ದೊಡ್ಡದು ಮಾಡುವಾಗ. ಇದೇ ತೀರ್ಪನ್ನು ತೋರಿಸಿ "ಖಾಸಗಿ ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡುವಂತೆಯೇ ಇಲ್ಲ" ಎಂದು ಬರೆದರೆ ನೀವೇ ಸಿಕ್ಕಿಬೀಳುತ್ತೀರಿ. ತೀರ್ಪು ಇರುವುದು ಕಲಿಸುವ ಮಾಧ್ಯಮದ ಬಗ್ಗೆ. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು ಎನ್ನುವ ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರದು, ಅಂದರೆ ತೀರ್ಪಿನ ನಂತರದ್ದು. ಆದ್ದರಿಂದ ಪುರಾವೆ ಕೊಟ್ಟ ಕೂಡಲೇ ಅದರ ಮಿತಿಯನ್ನೂ ನೀವೇ ಬರೆಯಿರಿ.

ಅಂಶಗಳು ಐದಾರು ಹೊಳೆದರೆ ಎರಡಕ್ಕೆ ಇಳಿಸಿ. ಎದುರಿನವರು ನಿಮ್ಮ ಅತ್ಯಂತ ದುರ್ಬಲ ಅಂಶಕ್ಕೆ ಮಾತ್ರ ಉತ್ತರಿಸಿ ಗೆದ್ದಂತೆ ಹೊರಡುತ್ತಾರೆ, ಗಟ್ಟಿ ಅಂಶ ಅಲ್ಲೇ ಬಿದ್ದಿರುತ್ತದೆ. "ಎಲ್ಲರಿಗೂ ಗೊತ್ತಿರುವಂತೆ", "ಅಧ್ಯಯನಗಳು ಹೇಳುತ್ತವೆ" ಎಂಬ ಮಾತು ಕಂಡಲ್ಲೆಲ್ಲ ಯಾವ ಅಧ್ಯಯನ, ಯಾವ ವರ್ಷ ಎಂದು ತುಂಬಿ. ತುಂಬಲು ಆಗದಿದ್ದರೆ ವಾಕ್ಯವನ್ನೇ ತೆಗೆಯಿರಿ. ಸಭ್ಯತೆಯ ಹೆಸರಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವುದೂ ಬೇಡ. "ಒಂದು ರೀತಿಯಲ್ಲಿ ಸರಿ, ಇನ್ನೊಂದು ರೀತಿಯಲ್ಲಿ ಅಲ್ಲ" ಎಂದರೆ ಯಾವ ರೀತಿ ಎಂದು ಹೇಳಲೇಬೇಕು.

ಉದ್ದ ನೂರೈವತ್ತರಿಂದ ಇನ್ನೂರು ಪದ ಸಾಕು. ಬರೆದಾದ ಮೇಲೆ ಮೊದಲ ಪ್ಯಾರಾ ಹೊಡೆದುಹಾಕಿ ಓದಿ ನೋಡಿ. ಅರ್ಥ ಕೆಡದಿದ್ದರೆ ಅದು ಪೀಠಿಕೆ, ಹೋಗಲಿ. ಸಿಟ್ಟಿನಲ್ಲಿ ಬರೆದದ್ದಾದರೆ ಒಂದು ರಾತ್ರಿ ಇಟ್ಟು, ಬೆಳಗ್ಗೆ ವಿಶೇಷಣಗಳನ್ನಷ್ಟೇ ಹುಡುಕಿ ಕತ್ತರಿಸಿ. "ಹಾಸ್ಯಾಸ್ಪದ", "ಬಾಲಿಶ" ಎಂಬಂಥವು ಹೋದ ಮೇಲೂ ವಾದ ನಿಲ್ಲುವಂತಿದ್ದರೆ ಕಳುಹಿಸಿ.